ಸಾಯಬಾರದಿದ್ದ ಕೋಶಗಳು

ಪ್ರಭಾ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಎದುರಿಗೆ ಕುಳಿತು ಕೋಕಿಲಾ ಮೇಡಂ ಕೂಡ ಹಿಸುಕುತ್ತಿದ್ದರು. ಕಾಳು ಬಟ್ಟಲಿಗೆ ಬೀಳುವ ಸದ್ದು ಬಿಟ್ಟರೆ ವಿಜಯನಗರದ ಆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಜೀವಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಡಂ ಬಳಿಗೆ ಜನ ಬಿಡಿಸಲಾಗದ ಗಂಟುಗಳನ್ನು ತರುತ್ತಿದ್ದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಪ್ರಭಾ ಅವರ ಅಡುಗೆಗೂ ಒಡನಾಟಕ್ಕೂ ಇದ್ದಳು. ಬಾಯಿಗಿಂತ ಅವಳಿಗೆ ಕಣ್ಣು ಚುರುಕು.

ಅಂದು ಬಂದವಳು ಸುವರ್ಣಾ. ಬಾಗಲಕೋಟೆ ಕಡೆಯವಳು, ಅನ್ನಪೂರ್ಣೇಶ್ವರಿ ನಗರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶ ಬೆಳೆಸುವ ಕೆಲಸ.

"ನನ್ನ ಕೋಶ ಸತ್ತಾವ್ರಿ ಮೇಡಂ. ಸರ್ ಪೇಡೆ ಹಂಚಾಕ್ಹತ್ಯಾರ. ಆದ್ರ ಅವು ಸಾಯಬಾರದಿತ್ತು."

ಅವಳು ಕೋಶಗಳ ಒಂದು ಜೀನನ್ನು ಕೆಲಸ ಮಾಡದಂತೆ ಅದುಮಿಟ್ಟು ಏನಾಗುತ್ತದೆಂದು ನೋಡುತ್ತಿದ್ದಳಂತೆ. ಊಟ, ಅಂದರೆ ಪೋಷಕ ದ್ರವ, ಸಿಗುತ್ತಿರುವ ತನಕ ಅಂಥ ಕೋಶಗಳು ನಿಧಾನವಾಗಿ ಬೆಳೆಯುತ್ತವೆ, ಸಾಯುವುದಿಲ್ಲ. ಮುಖ್ಯಸ್ಥ ಚನ್ನವೀರೇಶ್ ಮಾತ್ರ, ಜೀನು ಅದುಮಿದರೆ ಕ್ಯಾನ್ಸರ್ ಸಾಯುತ್ತದೆಂದು ಹಣ ಹಾಕುವವರಿಗೆ ಮೊದಲೇ ಹೇಳಿಬಿಟ್ಟಿದ್ದರು. ಭಾನುವಾರ ಕಳೆದು ಸುವರ್ಣಾ ಬಂದು ನೋಡಿದರೆ ಅವರ ಮಾತೇ ನಿಜವಾಗಿತ್ತು. ಸಂಜೆಯೊಳಗೆ ಅವಳು ಆ ವರದಿಗೆ ಸಹಿ ಹಾಕಬೇಕು, ಇಲ್ಲವೇ ಕೆಲಸ ಬಿಡಬೇಕು.

"ಜೀನು ಅದುಮದೇ ಬಿಟ್ಟ ಕೋಶಗಳು?" ಮೇಡಂ ಕೇಳಿದರು.

"ಬದುಕ್ಯಾವ್ರಿ. ಸೊರಗ್ಯಾವ."

ಮೇಡಂ ಕೈ ತೊಳೆದುಕೊಂಡು, ಇಬ್ಬರನ್ನೂ ಕರೆದುಕೊಂಡು ಹೊರಟರು.

ಪ್ರಯೋಗಾಲಯದಲ್ಲಿ ಸಹಾಯಕ ನಾಣಿ, ಭಾನುವಾರ ಸುವರ್ಣಾಳ ಎಲ್ಲ ಕೋಶಗಳಿಗೂ ಊಟ ಹಾಕಿದ ಬಾಟಲಿ ತೋರಿಸಿದ. ಗುಲಾಬಿ ಬಣ್ಣದ ದ್ರವ, ಮೇಲೆ ಸರಿಯಾದ ಚೀಟಿ. ಮೇಡಂ ಅದನ್ನು ಅಲುಗಿಸಿದರು. ಗುಳ್ಳೆಗಳು ಎದ್ದಲ್ಲೇ ಒಡೆದವು. ಅದೇ ಚೀಟಿಯ ಇನ್ನೊಂದು ಬಾಟಲಿ ಅಲುಗಿಸಿದರು, ನೊರೆ ನಿಂತಿತು. ಪ್ರಭಾ ಎರಡನ್ನೂ ನೋಡಿದಳು.

ಎಲ್ಲರೂ ಸೇರಿದ ಮೇಲೆ ಮೇಡಂ ಮೊದಲನೆಯ ಬಾಟಲಿಯನ್ನು ನಾಣಿಗೆ ಕೊಟ್ಟು, ಚನ್ನವೀರೇಶ್ ತಾವೇ ಬೆಳೆಸುತ್ತಿದ್ದ ಕೋಶಗಳಿಗೂ ಇದರಿಂದಲೇ ಹಾಕಲು ಹೇಳಿದರು. ಚನ್ನವೀರೇಶ್ ನಾಣಿಯ ಕೈ ಹಿಡಿದರು.

"ಅದು ಬೇಡ. ಬೇರೆದು ತಗೋ."

"ಯಾಕೆ ಸಾರ್? ಚೀಟಿ ಒಂದೇ ತಾನೇ?" ಎಂದ ನಾಣಿ.

ಅವರು ಹಿಡಿದ ಕೈ ಬಿಡಲಿಲ್ಲ. ಮೇಡಂ ನಿಧಾನವಾಗಿ ಹೇಳಿದರು. "ಊಟ ಇಲ್ಲದಿದ್ರೆ ಕೋಶ ತನ್ನೊಳಗಿನ ಹಳೇ ಸಾಮಾನನ್ನೇ ತಿಂದು ದಿನ ತಳ್ಳುತ್ತೆ. ಸ್ವಭಕ್ಷಣೆ ಅಂತೀವಿ. ಅದನ್ನ ಶುರು ಮಾಡಿಸೋದೇ ಈ ಜೀನು. ಅದುಮಿದ್ರೆ ಹಸಿವು ತಡೆಯೋಕಾಗಲ್ಲ. ವಿಷ ಬಿದ್ದಿದ್ರೆ ಎಲ್ಲಾ ಸಾಯ್ತಿದ್ವು. ಅದುಮಿದವು ಮಾತ್ರ ಸತ್ತಿವೆ ಅಂದ್ರೆ ಉಪವಾಸ. ಊಟದಲ್ಲಿ ಪ್ರೋಟೀನ್ ಇರುತ್ತೆ, ನೊರೆ ನಿಲ್ಲುತ್ತೆ. ಇದರಲ್ಲಿ ನಿಲ್ಲಲಿಲ್ಲ. ಬರೀ ಉಪ್ಪುನೀರು, ಬಣ್ಣ ಮಾತ್ರ ಅದೇ. ನಾಣಿಗೆ ಗೊತ್ತಿಲ್ಲ, ಅದಕ್ಕೇ ಹಾಕೋಕೆ ಹೊರಟ. ಗೊತ್ತಿದ್ದವರು ಕೈ ಹಿಡಿದ್ರು."

ಚನ್ನವೀರೇಶ್ ಬಾಟಲಿಯನ್ನು ಕಿತ್ತುಕೊಂಡು ಸಿಂಕಿಗೆ ಸುರಿದು, ನಲ್ಲಿ ಬಿಟ್ಟರು.

"ಈಗ ಯಾವ ನೊರೆ ತೋರಿಸ್ತೀರಿ ಮೇಡಂ?"

ನೀನು ನೋಡಿದೆಯಲ್ಲ ಎಂದು ಮೇಡಂ ಕೇಳಿದ್ದಕ್ಕೆ ನಾಣಿ, ತಾನು ಏನೂ ನೋಡಿಲ್ಲ, ಮಕ್ಕಳಿರುವವನು ಎಂದ. ಮೇಡಂ ಮುಖ ಅಷ್ಟು ಮುದಿಯಾದದ್ದನ್ನು ಪ್ರಭಾ ಹಿಂದೆಂದೂ ಕಂಡಿರಲಿಲ್ಲ. ತಾನೂ ನೋಡಿದೆ ಎನ್ನಲು ಬಾಯಿ ತೆರೆದು, ಮತ್ತೆ ಮುಚ್ಚಿದಳು. ತನ್ನ ಮಾತಿಗೆ ಇಲ್ಲಿ ಬೆಲೆ ಎಷ್ಟೆಂದು ಅವಳಿಗೇ ಗೊತ್ತಿತ್ತು.

ಸುವರ್ಣಾ ಸಹಿ ಹಾಕಲಿಲ್ಲ.

"ಸರ, ಸಹಿ ಮಾಡಂಗಿಲ್ರಿ. ಆದ್ರೂ ನಾಳಿಂದ ಕೆಲಸಕ್ಕ ಬರಾಕ ಬಿಡ್ರಿ," ಎಂದಳು.

ಚನ್ನವೀರೇಶ್ ಕೈ ಒರೆಸಿಕೊಳ್ಳುತ್ತಿದ್ದರು. ಅವಳು ಕಾದಳು. ಮತ್ತೆ ಹೇಳಿದಳು:

"ಬರಾಕ ಬಿಡ್ರಿ, ಸರ."