ಕರಗದ ತುಪ್ಪ

ನನ್ನ ಹಿರಿಮಗ ರುದ್ರೇಶ ಯುದ್ಧವಿಮಾನ ಓಡಿಸುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಆರು ಸಲ ಗಡಿ ದಾಟಿ ಹೋಗಿ ಬಂದ. ಏಳನೆಯ ಸಲ ಬರಲಿಲ್ಲ. ಶಿಕಾರಿಪುರದ ನಮ್ಮ ಮನೆಗೆ ವೀರಚಕ್ರ ಬಂತು. ಜೊತೆಗಿದ್ದ ಕಾಗದವನ್ನು ಮೇಷ್ಟ್ರೊಬ್ಬರು ಕನ್ನಡದಲ್ಲಿ ಬರೆದುಕೊಟ್ಟಿದ್ದರು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ನಾನೇ ಓದಿದೆ: ‘ಕಾಣೆಯಾಗಿದ್ದಾರೆ’ ಎಂದಿತ್ತು, ಸತ್ತಿದ್ದಾರೆ ಎಂದಿರಲಿಲ್ಲ. ಅದಕ್ಕೇ ಹಿರಿಯರ ಹಬ್ಬದಲ್ಲಿ ಅವನಿಗೆ ಎಡೆ ಇಡಲು ನಾನು ಬಿಟ್ಟಿರಲಿಲ್ಲ. ಬದುಕಿರುವವರಿಗೆ ಎಡೆ ಇಟ್ಟರೆ ಅವರು ಮನೆಗೆ ಬರುವ ದಾರಿ ಮುಚ್ಚುತ್ತದೆಂದು ನನ್ನ ಭಯ.

ತೊಂಬತ್ತಾರರ ಮಹಾಲಯ ಅಮಾವಾಸ್ಯೆಗೆ ಕಿರಿಮಗ ಚನ್ನೇಶ ಹಟ ಹಿಡಿದ. “ಇಪ್ಪತ್ತೈದು ವರ್ಷ ಆತವ್ವ. ಅಣ್ಣನ್ನ ಇನ್ನೂ ಎಷ್ಟು ವರ್ಷ ಉಪವಾಸ ಕೆಡವ್ತೀ?”

ಆ ಮಾತಿಗೆ ಸೋತೆ. ಪದಕದ ಮುಂದೆ ಅವನ ತಟ್ಟೆಯಲ್ಲಿ ಹೋಳಿಗೆ ಬಡಿಸಿದೆವು. ಹಿರಿಯರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಮಟಮಟ ಮಧ್ಯಾಹ್ನ. ಆಗ ನೋಡಿದೆ, ಆಗಷ್ಟೇ ಕಾಯಿಸಿದ ತುಪ್ಪದ ಗಿಂಡಿ ನನ್ನ ಕೈಯಲ್ಲೇ ಉಳಿದಿತ್ತು.

ಒಳಗೆ ತಟ್ಟೆ ಟಕ್ ಟಕ್ ಎಂದಿತು. ತುಪ್ಪ ಬೇಕಾದಾಗ ರುದ್ರೇಶ ಹಾಗೇ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುತ್ತಿದ್ದ.

ನಾನು ಎದ್ದೆ. ಚನ್ನೇಶ ಕೈ ಹಿಡಿದ. “ಇಲಿ ಇರ್ಬೇಕು, ಕೂತ್ಕಳವ್ವ. ಈಗ ಬಾಗ್ಲು ತಗದ್ರೆ ಉಣ್ಣೋರು ಎದ್ದು ಹೋಗ್ತಾರೆ.”

ಟಕ್ ಟಕ್. ಮತ್ತೆ ಟಕ್ ಟಕ್. ಕೂತೇ ಇದ್ದೆ. ಆಮೇಲೆ ಸದ್ದು ನಿಂತಿತು.

ಬಾಗಿಲು ತೆಗೆದಾಗ ಹೋಳಿಗೆ ಇಟ್ಟ ಹಾಗೇ ಇತ್ತು. ಕೋಣೆಯ ಥಂಡಿಗೆ ನಮ್ಮ ಉಸಿರು ಹೊಗೆಯಾಡುತ್ತಿತ್ತು. ಹೊಸ್ತಿಲು ದಾಟುವಷ್ಟರಲ್ಲಿ ಗಿಂಡಿಯ ತುಪ್ಪ ಹೆಪ್ಪುಗಟ್ಟಿತು.

ಆ ಗಿಂಡಿ ಈಗಲೂ ನನ್ನ ಹತ್ತಿರ ಇದೆ. ಎಷ್ಟೋ ಸಲ ಒಲೆಯ ಮೇಲಿಟ್ಟಿದ್ದೇನೆ. ತುಪ್ಪ ಕರಗುವುದಿಲ್ಲ.