ಪೈಲ್ವಾನನ ತೋಳು

ಪೈಲ್ವಾನ ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದ, ಅಂಗೈಯನ್ನು ಪಕ್ಕಕ್ಕೆ ತಂದು ಇಲ್ಲದ ತೊಡೆಗೆ ಒರೆಸಿಕೊಂಡ, ಆಮೇಲೆ ಎಸೆದ. ಚೆಂಡು ಬುಟ್ಟಿಯ ಅಂಚಿಗೂ ತಾಗದೆ ಬಲೆಯೊಳಗೆ ಇಳಿಯಿತು. ಹುಬ್ಬಳ್ಳಿಯ ಆ ಕ್ರೀಡಾಂಗಣದಲ್ಲಿ ಕಿಕ್ಕಿರಿದಿದ್ದ ಕಾಲೇಜು ಹುಡುಗರೆಲ್ಲ ಹೋ ಎಂದು ಕೂಗಿದರು. ನಾಲ್ಕು ಗಾಲಿಗಳ ಮೇಲೆ ನಿಂತ ಒಂಟಿ ತೋಳಿನ ರೋಬಾಟ್ ತೊಡೆಗೆ ಕೈ ಒರೆಸಿಕೊಂಡರೆ ಯಾರಿಗೆ ತಾನೇ ನಗು ಬಾರದು?

ಅದು ೨೦೫೮ರ ಅಂತರ್ ಕಾಲೇಜು ರೋಬಾಟ್ ಸ್ಪರ್ಧೆಯ ಸೆಮಿಫೈನಲ್. ಉಳಿದ ತಂಡಗಳ ಯಂತ್ರಗಳು ಕ್ಯಾಮೆರಾದಿಂದ ದೂರ ಅಳೆದು, ಕೋನ ಲೆಕ್ಕ ಹಾಕಿ, ತಿರುಗುವ ಉರುಳೆಗಳಿಂದ ಚೆಂಡನ್ನು ಚಿಮ್ಮಿಸುತ್ತಿದ್ದವು. ಬುಟ್ಟಿ ಕದಲತೊಡಗಿದರೆ ಅವುಗಳ ಲೆಕ್ಕವೆಲ್ಲ ಎಕ್ಕುಟ್ಟಿ ಹೋಗುತ್ತಿತ್ತು. ಪೈಲ್ವಾನ ಮಾತ್ರ ಹಾಗೆ ಲೆಕ್ಕ ಹಾಕುತ್ತಿರಲಿಲ್ಲ. ಅವನೊಳಗೆ ಒಬ್ಬ ಮನುಷ್ಯನ ತೋಳಚ್ಚು ಇತ್ತು.

ತೋಳಚ್ಚು ಎಂಬುದು ಇಂಚರಾ ಕಮ್ಮಾರ ಎಂಬ ಕೊನೆಯ ವರ್ಷದ ವಿದ್ಯಾರ್ಥಿನಿ ಕಂಡುಹಿಡಿದದ್ದು. ಸ್ನಾಯು ಬಿಗಿಯುವಾಗ ಚರ್ಮದ ಮೇಲೆ ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಅವಳು ಮಾಡಿದ ತೆಳು ಬಟ್ಟೆಯ ತೋಳುಚೀಲ ಆ ಅಲೆಗಳನ್ನೆಲ್ಲ ಓದಿ ಯಂತ್ರಕ್ಕೆ ಕಲಿಸುತ್ತಿತ್ತು. ಯಾವಾಗ ಬಿಗಿಯಬೇಕು, ಯಾವಾಗ ಬಿಡಬೇಕು ಎಂಬ ಕೈಯ ಜಾಣತನವೆಲ್ಲ ಹಾಗೆ ಯಂತ್ರಕ್ಕೆ ಇಳಿಯುತ್ತಿತ್ತು.

ಆ ತೋಳು ಅವಳ ಅಪ್ಪನದು. ಬಸವಪ್ರಭು ಕಮ್ಮಾರ ಒಂದು ಕಾಲದಲ್ಲಿ ರೈಲ್ವೆ ಬಾಸ್ಕೆಟ್‌ಬಾಲ್ ತಂಡದ ಹೆಸರಾಂತ ಆಟಗಾರ. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ರೋಗ ಎರಡು ವರ್ಷದ ಹಿಂದೆ ಅವರ ಕಾಲುಗಳನ್ನು ಕಸಿದುಕೊಂಡು ಗಾಲಿಕುರ್ಚಿಗೆ ಕೂರಿಸಿತ್ತು. ಆ ಕಾಲದ ಔಷಧಗಳು ರೋಗವನ್ನು ನಿಧಾನಿಸುತ್ತಿದ್ದವೇ ಹೊರತು ನಿಲ್ಲಿಸುತ್ತಿರಲಿಲ್ಲ. ಬಲಗೈ ಒಂದು ಉಳಿದಿತ್ತು. ಅದೂ ಹೋಗುವ ಮೊದಲು ಹಿಡಿದಿಟ್ಟುಕೊಳ್ಳಬೇಕು ಎಂದು ಇಂಚರಾಳ ಜೀವ ಹೊಡೆದುಕೊಳ್ಳುತ್ತಿತ್ತು. ಅವಳಿಗೆ ತಾಯಿ ಇರಲಿಲ್ಲ. ಅಪ್ಪನೇ ಎಲ್ಲ.

ಫೈನಲ್ ಶುರುವಾಯಿತು. ಬುಟ್ಟಿಯನ್ನು ಇನ್ನಷ್ಟು ದೂರ ಸರಿಸಿದ್ದರು. ಪೈಲ್ವಾನ ಕೈ ಒರೆಸಿಕೊಂಡು ಎಸೆದ. ಚೆಂಡು ಬುಟ್ಟಿಯ ಹತ್ತಿರಕ್ಕೂ ಹೋಗದೆ ಕೆಳಗಿಳಿಯಿತು. ಮತ್ತೆ ಎಸೆದ, ಮತ್ತೆ ಹಾಗೆಯೇ. ಕ್ರೀಡಾಂಗಣ ಮೆಲ್ಲಗೆ ಗುಸುಗುಸು ಎಂದಿತು. ಇಂಚರಾ ತಂಡಕ್ಕಿದ್ದ ಒಂದೇ ವಿರಾಮವನ್ನು ಕೇಳಿ ಪಡೆದಳು.

"ಮೋಟರ್ ಬರೊಬ್ಬರಿ ಐತಿ, ಬ್ಯಾಟರಿನೂ ತುಂಬೇತಿ," ಎಂದ ಜೊತೆಗಾರ ರಿಹಾನ್, ಬೆವರೊರೆಸಿಕೊಳ್ಳುತ್ತ. "ಕೈಯಾಗ ಜೋರ ಇಲ್ಲ ನೋಡು. ಹತ್ತಿರದ್ದಕ್ಕ ಸಾಕಾಗಿತ್ತು, ದೂರದ್ದಕ್ಕ ಸಾಲವಲ್ದು."

ಇಂಚರಾ ಕಂಪ್ಯೂಟರ್ ಪರದೆಯನ್ನು ದಿಟ್ಟಿಸಿದಳು. ಕೆಟ್ಟಿದ್ದು ಏನೂ ಇರಲಿಲ್ಲ. ಯಂತ್ರ ಹೇಳಿದಂತೆಯೇ ಕೇಳಿತ್ತು. ಪ್ರತಿ ಮುಂಜಾನೆ ಅಪ್ಪ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತು, ಚೀಲ ತೊಟ್ಟು ಎಸೆಯುತ್ತಿದ್ದರು. ಸಾಕು ಅಂದರೂ ಬಿಡುತ್ತಿರಲಿಲ್ಲ. "ಇರಲಿ ಬಿಡವಾ, ನಿನ್ನ ಪೈಲ್ವಾನಗ ಇನ್ನೂ ಕಲಿಸೋದೈತಿ" ಎನ್ನುತ್ತಿದ್ದರು. ಹಳೆಯ ಎಸೆತಕ್ಕಿಂತ ಹೊಸ ಎಸೆತಕ್ಕೇ ಹೆಚ್ಚು ಬೆಲೆ ಕೊಡು ಎಂಬ ನಿಯಮವನ್ನು ಯಂತ್ರಕ್ಕೆ ಬರೆದವಳು ಇಂಚರಾಳೇ. ದಿನ ಕಳೆದಂತೆ ಕೈ ಪಳಗುತ್ತದೆ ಎಂದು ಯಾವ ವಿದ್ಯಾರ್ಥಿ ತಾನೇ ನಂಬುವುದಿಲ್ಲ? ದಿನ ಕಳೆದಂತೆ ಸೋಲುವ ಕೈಯೂ ಇರುತ್ತದೆ ಎಂಬುದು ಆ ನಿಯಮ ಬರೆಯುವಾಗ ಅವಳಿಗೆ ಹೊಳೆದೇ ಇರಲಿಲ್ಲ, ಅದೂ ಅಂಥ ಕೈ ಮನೆಯಲ್ಲೇ ಇರುವಾಗ.

ಎಸೆಯುವಾಗ ಅವಳು ಅಪ್ಪನಿಗೆ ಬೆನ್ನು ಮಾಡಿ ಪರದೆಯ ಗೆರೆಗಳನ್ನು ನೋಡುತ್ತಿದ್ದಳು. "ಬುಟ್ಟಿಯೊಳಗ ಹೋತೇನಪ್ಪಾ?" ಎಂದು ತಿರುಗದೆಯೇ ಕೇಳುತ್ತಿದ್ದಳು. "ಹೋತವಾ" ಎನ್ನುತ್ತಿದ್ದರು ಅಪ್ಪ.

"ಊರ ಜಾತ್ರಿಗಿಂತ ಮೊದಲ ತಗೊಂಡ ಹಳೇ ಅಚ್ಚು ಐತಲ್ಲ, ಅದನ್ನ ಹಾಕೋಣೇನು?" ಎಂದ ರಿಹಾನ್.

ಅವಳು ಮುಂದಿನ ಸಾಲಿನಲ್ಲಿದ್ದ ಗಾಲಿಕುರ್ಚಿಯ ಬಳಿಗೆ ಓಡಿದಳು.

"ಮೋಟರ್ ಕೆಟ್ಟೈತೇನವಾ?" ಎಂದರು ಬಸವಪ್ರಭು.

"ಹೂಂ ಅಪ್ಪಾ."

"ಸುಳ್ಳ ಹೇಳಬ್ಯಾಡ. ನನ್ನ ಕೈ ನನಗ ಗುರ್ತು ಸಿಗೂದಿಲ್ಲೇನು?" ಅವರು ಪೈಲ್ವಾನನತ್ತಲೇ ನೋಡುತ್ತಿದ್ದರು. "ತಿಂಗಳಾತು, ಒಂದೂ ಬುಟ್ಟಿಗೆ ಹೋಗವಲ್ದು. ನೀ ನೋಡಲಿಲ್ಲ, ನಾ ಹೇಳಲಿಲ್ಲ."

"ಯಾಕ ಹೇಳಲಿಲ್ಲಪ್ಪಾ?"

"ಹೇಳಿದ್ರ ಚೀಲ ತೆಗಿಸ್ತಿದ್ದಿ. ಮುಂಜಾನಿ ಒಂದು ತಾಸು ನೀ ನನ್ನ ಜೋಡಿ ಕುಂಡ್ರತಿದ್ದಿ. ಅದೂ ಹೋಗಿಬಿಡ್ತಿತ್ತು." ಅವರು ನಗಲು ನೋಡಿದರು. "ಹೋಗು, ಹಳೇ ಕೈ ಹಾಕು. ಆ ರಿಹಾನ್ ಹುಡುಗ ನಿನ್ನ ಜೋಡಿ ವರ್ಷಗಟ್ಟಲೆ ನಿದ್ದಿಗೆಟ್ಟಾನ."

ಹಳೆಯ ಅಚ್ಚು ಹಾಕಿದರು. ಪೈಲ್ವಾನ ಒಂದಾದ ಮೇಲೊಂದು ಬುಟ್ಟಿ ಹೊಡೆದು ಗೆದ್ದ. ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಸವಪ್ರಭು ಕೂಡ ಬಲಗೈ ಎತ್ತಿದರು. ಅದು ಎಡಗೈಯವರೆಗೆ ಬರಲಾರದೆ ತೊಡೆಯ ಮೇಲೆ ಬಿತ್ತು. ಇಂಚರಾ ವೇದಿಕೆಯ ಮೇಲೆ ನಿಂತು ಅದನ್ನು ಕಂಡಳು. ಪ್ರಶಸ್ತಿ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಗೆದ್ದ ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು ಜನ.

ಮರುದಿನ ಮುಂಜಾನೆ ಅವಳು ಚೀಲವನ್ನೂ ತರಲಿಲ್ಲ, ಪರದೆಯನ್ನೂ ತರಲಿಲ್ಲ. ಅಪ್ಪನ ಎದುರಿಗೆ ಮೂರು ಹೆಜ್ಜೆ ದೂರ ನಿಂತಳು. ಅವರು ಚೆಂಡು ಹಿಡಿದು, ಕಷ್ಟಪಟ್ಟು ಅಂಗೈಯನ್ನು ತೊಡೆಗೆ ಒರೆಸಿಕೊಂಡರು.

"ಅಪ್ಪಾ, ಅದ್ಯಾಕ ಯಾವಾಗ್ಲೂ ಕೈ ಒರಸ್ಕೊಂತಿ?"

ಅವರ ಮುಖ ಅರಳಿತು. "ನಿಮ್ಮವ್ವ ಆಟ ನೋಡಾಕ ಬರ್ತಿದ್ಲು. ಇನ್ನೂ ಮದುವಿ ಆಗಿರಲಿಲ್ಲ. ಆಕಿನ್ನ ನೋಡಿದ್ರ ಸಾಕು, ಕೈ ಬೆವತು ಚೆಂಡು ಜಾರತಿತ್ತು. ಆಮ್ಯಾಲ ರೂಢಿ ಆತು."

ಅವರು ಎಸೆದ ಚೆಂಡು ಅವರ ಕಾಲಬುಡದಲ್ಲೇ ಬೀಳಲಿತ್ತು. ಇಂಚರಾ ಮುಂದೆ ಬಾಗಿ ಹಿಡಿದಳು. ಅಂಥ ಮುಂಜಾನೆಗಳು ಹೆಚ್ಚು ಸಿಗಲಿಲ್ಲ. ಶ್ರಾವಣ ಬರುವುದರೊಳಗೆ ಬಸವಪ್ರಭು ತೀರಿಕೊಂಡರು.

ಈಗ ತೋಳುಚೀಲ ಊರೂರಿಗೆ ಬಂದಿದೆ. ತಬಲಾ ನುಡಿಸುವವರ, ಹೋಳಿಗೆ ತಟ್ಟುವವರ, ಮಗ್ಗದಲ್ಲಿ ಕೂರುವವರ ಕೈಗಳೆಲ್ಲ ಅಚ್ಚಾಗಿ ಉಳಿಯುತ್ತಿವೆ. ಕಾಲೇಜಿನ ಹಜಾರದಲ್ಲಿ ಪೈಲ್ವಾನ ಇಂದಿಗೂ ಗುರಿ ತಪ್ಪದೆ ಎಸೆಯುತ್ತಾನೆ. ಅವನು ಇಲ್ಲದ ತೊಡೆಗೆ ಕೈ ಒರೆಸಿಕೊಂಡಾಗ ಶಾಲೆಯ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಯಾಕೆ ಹಾಗೆ ಮಾಡುತ್ತಾನೆ ಎಂದು ಕೇಳುತ್ತಾರೆ. ಅಚ್ಚಿನಲ್ಲಿ ಆ ಕೈಯ ಪ್ರತಿಯೊಂದು ಬಿಗಿತವೂ ಇದೆ, ಬೆವರಿನ ಕತೆ ಮಾತ್ರ ಇಲ್ಲ. ಅದನ್ನು ತಿಳಿಯಲು ಇಂಚರಾಗೆ ಯಾವ ಯಂತ್ರವೂ ಬೇಕಿರಲಿಲ್ಲ. ಅಪ್ಪನತ್ತ ತಿರುಗಿ ಕೂತು, ಚೀಲ ತೊಡಿಸಿದ ಯಾವ ಮುಂಜಾನೆಯಾದರೂ ಕೇಳಬಹುದಿತ್ತು.