ಒಂದೇ ಮನೆಯ ಎರಡು ರೊಟ್ಟಿ

"ಯಾವ ಮನೆ ರೊಟ್ಟಿನಮ್ಮಾ ಇದು?"

ಪಾದ್ರಿ ಗಾವ್ರಿಲೊ ತಲೆ ಎತ್ತದೆಯೇ ಕೇಳಿದರು. ಸಂತ ನಿಕೊಲಾನ ಹಬ್ಬದ ಬೆಳಿಗ್ಗೆ ತಲೆ ಎತ್ತಲು ಅವರಿಗೆ ಪುರುಸೊತ್ತಾದರೂ ಎಲ್ಲಿ! ದ್ರಿನಾ ನದಿಯ ದಂಡೆಯ ಈ ಊರಲ್ಲಿ ಅರ್ಧ ಮನೆಗಳಿಗೆ ನಿಕೊಲಾನೇ ಮನೆದೇವರು. ಅಷ್ಟೂ ಮನೆಯ ರೊಟ್ಟಿಗಳನ್ನು ಅವರೇ ಕೊಯ್ದು, ವೈನ್ ಹನಿಸಿ, ಯಜಮಾನನ ಕೈಗೆ ಕೊಡಬೇಕು.

"ಓಬ್ರೆನ್ ಮನೇದು, ಪಾದ್ರಿಗಳೇ," ಎಂದಳು ನೆವೆನಾ.

"ಓಬ್ರೆನ್ ಮನೇದು," ಎಂದಿತು ಪಕ್ಕದಿಂದ ಇನ್ನೊಂದು ದನಿ.

ನೆವೆನಾ ತಿರುಗಿ ನೋಡಿದಳು. ದ್ರಾಗಿನ್ಯಾ! ಓಬ್ರೆನ್‌ನ ಹೆಂಡತಿ. ಎರಡು ವರ್ಷಗಳಿಂದ ದಾರಿಯಲ್ಲಿ ಕಂಡರೆ ಇಬ್ಬರೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಈಗ ಭುಜಕ್ಕೆ ಭುಜ ತಾಗುವಂತೆ ನಿಂತಿದ್ದಾರೆ. ಇಬ್ಬರ ಕೈಯಲ್ಲೂ ಅದೇ ದುಂಡನೆಯ ರೊಟ್ಟಿ, ಸುತ್ತಲೂ ಹಿಟ್ಟಿನ ಜಡೆ.

ಪಾದ್ರಿಗಳು ಕೊನೆಗೂ ತಲೆ ಎತ್ತಿದರು.

"ಅವನೇ ಹೇಳಿದ್ದು, ಎಂದಿನ ಹಾಗೇ ಮಾಡು ಅಂತ," ಎಂದಳು ದ್ರಾಗಿನ್ಯಾ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಬರೀ ಸುಸ್ತಿತ್ತು.

"ನಂಗೂ ಅವನೇ ಹೇಳಿದ್ದು... ಈ ಸಲ ನೀನು ಮಾಡು ಅಂತ."

ಇಬ್ಬರೂ ಒಟ್ಟಿಗೆ ತಿರುಗಿದರು. ಕಂಬದ ಪಕ್ಕ ವೈನ್ ಬಾಟಲಿ ಹಿಡಿದು ಓಬ್ರೆನ್ ನಿಂತಿದ್ದ. ಮೂರು ದಿನದ ಗಡ್ಡ, ಕೆಂಪು ಕಣ್ಣು. ಊರಿನ ಬಸ್ಸನ್ನು ಇಕ್ಕಟ್ಟಿನ ತಿರುವುಗಳಲ್ಲೆಲ್ಲ ಸಲೀಸಾಗಿ ತಿರುಗಿಸುವ ಈ ಮನುಷ್ಯನಿಗೆ 'ಇಲ್ಲ' ಎನ್ನುವ ಒಂದು ಪದ ಮಾತ್ರ ಬಾಯಿಗೆ ಬರದು.

"ಎರಡನ್ನೂ ಕೊಯ್ದುಬಿಡಿ, ಪಾದ್ರಿಗಳೇ..."

"ಒಬ್ಬ ಯಜಮಾನನಿಗೆ ಒಂದೇ ರೊಟ್ಟಿ ಕಣಪ್ಪಾ. ಯಾವ ಮನೆಗೆ ನೀನು ಯಜಮಾನ, ಅದನ್ನ ಹೇಳು ಸಾಕು."

ಅವನು ಇವಳನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ನೆಲ ನೋಡಿದ.

"ಬೇಗ ಹೇಳೋ ಮಾರಾಯ, ನನ್ನ ಕಾಳು ಒಲೆ ಮೇಲೆ ಸೀದು ಹೋಗ್ತಿದೆ!" ಎಂದಳು ಸಾಲಿನಲ್ಲಿದ್ದ ಮುದುಕಿ ಸ್ತಾನಿಯಾ. ಯಾರೋ ಕಿಸಕ್ಕೆಂದು ನಕ್ಕರು.

ನೆವೆನಾಗೆ ಅಷ್ಟು ಸಾಕಾಯಿತು. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಅವನು ಕರೆಯಲಿಲ್ಲ.

ಐದು ವರ್ಷಗಳ ಹಿಂದೆ ಓಬ್ರೆನ್ ಮತ್ತು ದ್ರಾಗಿನ್ಯಾರ ಮಗಳು ಕಲೀನಾ ತೀರಿಕೊಂಡಿದ್ದಳು. ಏಳು ವರ್ಷ, ರಕ್ತದ ಕಾಯಿಲೆ. ಆಮೇಲೆ ಆ ಮನೆಯಲ್ಲಿ ಮಾತೇ ನಿಂತುಹೋಯಿತು. ಒಬ್ಬರ ಮುಖದಲ್ಲಿ ಇನ್ನೊಬ್ಬರಿಗೆ ಮಗುವೇ ಕಾಣುತ್ತಿದ್ದರೆ ಹೇಗೆ ಬದುಕುವುದು? ಕೊನೆಗೊಂದು ದಿನ ಅವನು ಎದ್ದು ಹೊರಟ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ನೆವೆನಾ ಸಿಕ್ಕಿದ್ದು ಅದಾದ ಮೇಲೆ. ಅವಳ ಮನೆಯಲ್ಲಿ ಅವನಿಗೆ ನಿದ್ದೆ ಬಂತು. ಆದರೂ ಪ್ರತಿ ಶನಿವಾರ ಸೌದೆ ಒಡೆದುಕೊಡುವ ನೆಪದಲ್ಲಿ ಹಳೇ ಮನೆಗೆ ಹೋಗುತ್ತಿದ್ದ, ಸಂಜೆ ಊಟ ಬೇಡವೆನ್ನುತ್ತಾ ಬರುತ್ತಿದ್ದ. ನೆವೆನಾ ಏನೂ ಕೇಳುತ್ತಿರಲಿಲ್ಲ. ಕೇಳದೇ ಇರುವುದೇ ದೊಡ್ಡತನ ಎಂದುಕೊಂಡಿದ್ದಳು, ಹುಚ್ಚಿ!

ಮನೆಯಲ್ಲಿ ಮೇಜು ಸಿದ್ಧವಾಗಿತ್ತು. ಉಪವಾಸದ ತಿಂಗಳಾದ್ದರಿಂದ ಮಾಂಸವಿಲ್ಲ. ಮೀನು, ಒಲೆಯಲ್ಲಿ ಬೆಂದ ಕಾಳು, ಉಪ್ಪಿನಲ್ಲಿಟ್ಟ ಕೋಸು. ಹದಿನಾರು ತಟ್ಟೆ. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಹಾಗಿಲ್ಲ. ಯಜಮಾನ ಇರುವ ಮನೆಗೆ ಜನ ತಾವಾಗಿಯೇ ಬರುತ್ತಾರೆ.

ಕಿಟಕಿಯಾಚೆ ಜನ ಹೋಗುತ್ತಲೇ ಇದ್ದರು. ಅವನ ಡಿಪೋದವರು, ಅವನ ಸೋದರಮಾವ ಸ್ರೆತೆನ್... ಕೈಯಲ್ಲಿ ಬಾಟಲಿ, ಕಾಫಿ ಪೊಟ್ಟಣ. ಎಲ್ಲರೂ ಅವಳ ಗೇಟು ದಾಟಿ ಸೇತುವೆಯ ಕಡೆಗೆ, ದ್ರಾಗಿನ್ಯಾಳ ಮನೆಯ ಕಡೆಗೆ ನಡೆದರು.

'ಅವನ ಮನೆ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ...'

ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು ತಾನೇ? ಎದ್ದು ಅವನ ನಾಲ್ಕು ಅಂಗಿ, ರೇಜರ್, ಉಣ್ಣೆಯ ಕಾಲುಚೀಲಗಳನ್ನು ಒಂದು ಚೀಲಕ್ಕೆ ತುಂಬಿದಳು. ಕತ್ತಲಾಗುವಷ್ಟರಲ್ಲಿ ಅವನು ಬರದಿದ್ದರೆ ಈ ಚೀಲ ಗೇಟಿನ ಹೊರಗೆ. ಮುಗಿಯಿತು!

ಮೂರೂವರೆಗೆ ಗೇಟು ಸದ್ದಾಯಿತು.

ಓಬ್ರೆನ್ ಕೋಟಿಲ್ಲದೆ ಬಂದಿದ್ದ. ಕಂಕುಳಲ್ಲಿ ಟವೆಲ್ ಸುತ್ತಿದ ಏನೋ ಚೌಕದ್ದು. ಅದರ ಮೂಲೆಯಿಂದ ಸಂತ ನಿಕೊಲಾನ ಬಿಳಿಗಡ್ಡ ಇಣುಕುತ್ತಿತ್ತು. ಅವನ ಮನೆತನದ ದೇವರಪಟ! ಅದು ಗೋಡೆ ಬದಲಿಸಿತೆಂದರೆ ಮನೆಯೇ ಬದಲಾಯಿತೆಂದು ಅರ್ಥ.

"ಇದನ್ನ ಹಿಡ್ಕೊಂಡು... ಬೀದಿಯಲ್ಲೇ ನಡ್ಕೊಂಡು ಬಂದ್ಯಾ?"

"ಹ್ಞೂಂ. ಎಲ್ರೂ ನೋಡಿದ್ರು."

"ಕದ್ದು ತಂದ್ಯಾ?"

"ಇಲ್ಲ. ಎಲ್ರೂ ಊಟಕ್ಕೆ ಕೂತಿದ್ರು. ಸ್ರೆತೆನ್ ಮಾವ ಗ್ಲಾಸ್ ಎತ್ತಿ, 'ನಮ್ಮ ಓಬ್ರೆನ್ ವಾಪಸ್ ಬಂದ' ಅಂದ. ನಾನು, 'ಬಂದಿಲ್ಲ ಮಾವ, ನಾನಿರೋದು ನೆವೆನಾ ಮನೇಲಿ' ಅಂದೆ."

"ಆಮೇಲೆ?"

"ದ್ರಾಗಿನ್ಯಾ ಕುರ್ಚಿ ಹತ್ತಿ ಪಟ ಇಳಿಸಿದ್ಲು. ನಾನು ಇಳಿಸ್ತೀನಿ ಅಂದೆ, ಬಿಡಲಿಲ್ಲ. 'ನಂಗೂ ಸಾಕಾಗಿದೆ ಓಬ್ರೆನ್. ಪ್ರತಿ ಶನಿವಾರ ನೀನು ಬರ್ತೀಯ, ನಾನು ಬಾಗಿಲು ನೋಡ್ತಾ ಕೂರ್ತೀನಿ. ಇದಕ್ಕಿಂತ ನೀನು ಬರದೇ ಇರೋದೇ ವಾಸಿ' ಅಂದ್ಲು."

ಅವನ ದನಿ ಒಡೆಯಿತು. ನೆವೆನಾ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಸೇತುವೆಯಾಚೆ ಕುರ್ಚಿ ಹತ್ತಿದ ಹೆಂಗಸಿನ ಬಗ್ಗೆ ಅವಳಿಗೆ ಮೊದಲ ಬಾರಿ ಸಂಕಟವಾಯಿತು.

"ಬೆಳಿಗ್ಗೆ ಯಾಕೆ ಬಾಯಿ ಬಿಡಲಿಲ್ಲ?"

"ಅಲ್ಲಿಗೆ ಹೋಗೋದು ನಿಲ್ಲಿಸಿದ್ರೆ ಕಲೀನಾನ ಇನ್ನೊಂದ್ಸಲ ಮಣ್ಣು ಮಾಡಿದ ಹಾಗೆ ಅನ್ಸೋದು ನೆವೆನಾ... ನಿನ್ನ ಬಿಟ್ರೆ ನಾನೇ ಉಳಿಯಲ್ಲ. ಎರಡೂ ಮನೇಲಿ ಸುಳ್ಳು ಹೇಳಿದೆ. ನೀನಂದ್ರೆ ನಂಗೆ ಪ್ರಾಣ. ಇದನ್ನ ಬೆಳಿಗ್ಗೆನೇ ಹೇಳ್ಬೇಕಿತ್ತು."

"ಬೆಳಿಗ್ಗೆ ಅಲ್ಲ. ಎರಡು ವರ್ಷದ ಹಿಂದೆ."

"ಹ್ಞೂಂ."

"ಮಗು ಸಮಾಧಿಗೆ ನೀವಿಬ್ರೂ ಒಟ್ಟಿಗೇ ಹೋಗಿ. ಅದಕ್ಕೆ ನಾನು ಅಡ್ಡ ಬರಲ್ಲ. ಆದ್ರೆ ನಂಗೆ ಹೇಳಿ ಹೋಗು. ಸೌದೆ ಅಂತ ಇನ್ನೊಂದು ದಿನ ನೆಪ ಹೇಳಿದ್ರೆ, ನಿನ್ನ ದೇವರ ಸಮೇತ ಆಚೆ ಹಾಕ್ತೀನಿ!"

ಅವನ ಕಣ್ಣು ಬಾಗಿಲ ಬಳಿಯ ಚೀಲದ ಮೇಲೆ ಬಿತ್ತು. ಪಟವನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಅಲ್ಲೇ ನಿಂತ.

"ಕೂತ್ಕೋ."

"ಹಬ್ಬದ ದಿನ ಯಜಮಾನ ಕೂರ್ಬಾರ್ದು. ಬಂದೋರು ಎದ್ದು ಹೋಗೋವರ್ಗೂ ನಿಂತೇ ಬಡಿಸ್ಬೇಕು."

"ಯಾರು ಬಂದಿದಾರೆ ಇಲ್ಲಿ? ಬೆಳಿಗ್ಗೆಯಿಂದ ನಾನೂ ನಿಂತೇ ಇದೀನಿ. ಕೂತ್ಕೋ ಓಬ್ರೆನ್."

ಅವನು ಕುಳಿತ. ಹದಿನಾರು ತಟ್ಟೆಗಳ ಮೇಜಿನಲ್ಲಿ ಅವಳು ಅವನ ಪಕ್ಕದ ಕುರ್ಚಿಯನ್ನೇ ಎಳೆದುಕೊಂಡಳು. ಮೀನು ತಣ್ಣಗಾಗಿತ್ತು. ಮುಳ್ಳು ತೆಗೆದು ಅವನ ತಟ್ಟೆಗೆ ಹಾಕಿದಳು.

"ನೆವೆನಾ... ನಾನಿನ್ನು ಎಲ್ಲಿಗೂ ಹೋಗಲ್ಲ. ನಂಬ್ತೀಯಾ?"

"ಗೊತ್ತಿಲ್ಲ. ನಾಳೆ ಹೇಳ್ತೀನಿ," ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಈಗ ತಿನ್ನು."